ಅಲುಗುತ್ತಿದ್ದ ಕಮೋಡ್ ಅನ್ನು ಮತ್ತೆ ಕೂರಿಸಿದ ಕಥೆ

ಅಮ್ಮನಿಗೆ ಮಂಡಿನೋವು ಹೆಚ್ಚಾದ ಮೇಲೆ ನಮ್ಮ ಹಳೆಯ ಮನೆಯ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರುವ ನೆಲಮಟ್ಟದ ಬೇಸಿನ್ ಒಡೆಸಿ ಕಮೋಡ್ ಹಾಕಿಸಿದೆವು. ಒಡೆದ ಜಾಗಕ್ಕೆ ಕಾಂಕ್ರೀಟ್ ತುಂಬಿ, ಅದು ಹೇಗಿತ್ತೋ ಹಾಗೆಯೇ ಮೇಲೆ ಕಮೋಡ್ ಇಟ್ಟು, ಸುತ್ತ ಬಿಳಿ ಸಿಮೆಂಟ್ ಮೆತ್ತಿ ಹೋಗಿದ್ದರು. ಆರು ತಿಂಗಳಲ್ಲಿ ಸಿಮೆಂಟ್ ಬಿರುಕು ಬಿಟ್ಟಿತು. ಮಳೆಗಾಲ ಬರುವ ಹೊತ್ತಿಗೆ ವಾಸನೆ ಶುರುವಾಯಿತು. "ಕೂತರೆ ಪಕ್ಕಕ್ಕೆ ವಾಲುತ್ತದೆ ಕಣೋ, ಏಳುವಾಗ ಭಯವಾಗುತ್ತದೆ" ಎಂದು ಅಮ್ಮ ಹೇಳಿದ ದಿನವೇ ನಾನು ಅದನ್ನು ಬಿಚ್ಚಿದೆ.

ನೀರಿನ ಕೊಳವೆ ಮುಚ್ಚಿ, ಫ್ಲಶ್ ಟ್ಯಾಂಕ್ ಖಾಲಿ ಮಾಡಿ, ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆದೆ. ಬಿಳಿ ಸಿಮೆಂಟನ್ನು ಹ್ಯಾಕ್ಸಾ ಬ್ಲೇಡಿನಿಂದ ನಿಧಾನವಾಗಿ ಕೊಯ್ದೆ; ಅವಸರಪಟ್ಟು ಸುತ್ತಿಗೆ ಬೀಸಿದ್ದರೆ ಪಿಂಗಾಣಿ ಸೀಳುತ್ತಿತ್ತು. ಕಮೋಡ್ ಎತ್ತಿದ ಕೂಡಲೇ 110 ಮಿ.ಮೀ. ಪೈಪಿನ ಬಾಯಿಗೆ ಹಳೆಯ ಬಟ್ಟೆ ತುರುಕಿ, ಅದು ಒಳಗೆ ಜಾರದಂತೆ ದಾರ ಕಟ್ಟಿದೆ. ಹಳೆಯ ಬೇಸಿನ್ನಿನ ಟ್ರ್ಯಾಪ್, ಅಂದರೆ ವಾಸನೆ ಮೇಲೆ ಬರದಂತೆ ನೀರು ನಿಲ್ಲುವ ಬಾಗಿದ ಪೈಪು, ಕೆಳಗೆ ಉಳಿದಿದೆಯೇ ಎಂದೂ ನೋಡಿದೆ, ಸದ್ಯ ಇರಲಿಲ್ಲ. ಕಮೋಡಿನ ಒಳಗೇ ಟ್ರ್ಯಾಪ್ ಇರುತ್ತದೆ. ಕೆಳಗೆ ಇನ್ನೊಂದು ಇದ್ದರೆ ನಡುವೆ ಗಾಳಿ ಸಿಕ್ಕಿಕೊಂಡು ಫ್ಲಶ್ ಸರಿಯಾಗಿ ಎಳೆಯುವುದಿಲ್ಲ.

ಮೊದಲು ನೆಲವನ್ನೆಲ್ಲ ಸಮ ಮಾಡಿಬಿಡೋಣ ಎಂದುಕೊಂಡಿದ್ದೆ. ಅದು ತಪ್ಪು ಯೋಚನೆ. ಬಚ್ಚಲು ನೆಲಕ್ಕೆ ಗಾರೆಯವರು ಬೇಕೆಂದೇ ವಾಟ ಕೊಟ್ಟಿರುತ್ತಾರೆ, ಸುರಿದ ನೀರು ಜಾಲರಿಯ ಕಡೆಗೆ ಹರಿಯಬೇಕಲ್ಲ. ಆ ಇಳಿಜಾರನ್ನು ಕೆಡಿಸದೆ ಕಮೋಡ್ ಒಂದನ್ನೇ ಮಟ್ಟಕ್ಕೆ ತರಬೇಕಿತ್ತು. ಅದು ವಾಲಿದ್ದರೆ ಟ್ರ್ಯಾಪಿನಲ್ಲಿ ವಾಸನೆ ತಡೆಯುವ ನೀರಿನ ಆಳವೂ ಕಡಿಮೆಯಾಗಬಹುದು. ಅಲುಗಿದರೆ ಪೈಪಿನ ಜೋಡಣೆ ಸಡಿಲವಾಗಿ ವಾಸನೆ ಮೇಲೆ ಬರುತ್ತದೆ. ನಮ್ಮಲ್ಲಿ ಆಗಿದ್ದು ಇದೇ.

ಅಲುಗುವುದಕ್ಕೆ ತಗ್ಗು ಕಾರಣ ಎಂದು ತಗ್ಗನ್ನೇ ಹುಡುಕುತ್ತೇವೆ, ನಿಜವಾದ ತೊಂದರೆ ಎಷ್ಟೋ ಸಲ ಉಬ್ಬಿನಲ್ಲಿರುತ್ತದೆ. ಕಮೋಡಿನ ತಳದ ಅಂಚಿಗೆ ಸೀಮೆಸುಣ್ಣ ಉಜ್ಜಿ, ನೆಲದ ಮೇಲಿಟ್ಟು ಮೆಲ್ಲನೆ ಅಲುಗಿಸಿ ಎತ್ತಿದೆ. ಪೈಪಿನ ಬಲಕ್ಕೆ ಒಂದು ಕಡೆ ಮಾತ್ರ ಗುರುತು ದಟ್ಟವಾಗಿ ಬಿತ್ತು. ಆ ಉಬ್ಬನ್ನು ಸಣ್ಣ ಉಳಿಯಿಂದ ಕೆತ್ತಿದೆ, ಮತ್ತೆ ಸುಣ್ಣ ಹಚ್ಚಿದೆ, ಮತ್ತೆ ಕೆತ್ತಿದೆ. ನಾಲ್ಕನೆಯ ಸಲಕ್ಕೆ ಗುರುತು ಮೂರು ಕಡೆ ಹಂಚಿಹೋಯಿತು. ಬೆಳಗಿನ ಹೊತ್ತೆಲ್ಲ ಇದಕ್ಕೇ ಹೋಯಿತು.

ನಂತರ ಸೀಟು ಕಳಚಿ, ಅಂಚಿನ ಮೇಲೆ ರಸಮಟ್ಟ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿದೆ. ಹಿಂದೆ ಎಡಗಡೆ ಎರಡು ನೂಲು, ಅಂದರೆ ಸುಮಾರು 6 ಮಿ.ಮೀ. ತಗ್ಗು. ಅಲ್ಲಿಗೆ ಗಟ್ಟಿ ಪ್ಲಾಸ್ಟಿಕ್ ತುಂಡುಗಳನ್ನು ಒಂದರ ಮೇಲೊಂದು ಕೊಟ್ಟೆ. ಮರದ ಚೂರು ನೀರು ಕುಡಿದು ಕೊಳೆಯುತ್ತದೆ, ನಾಣ್ಯ ತುಕ್ಕು ಹಿಡಿಯಬಹುದು.

ತುಂಡುಗಳಷ್ಟೇ ಸಾಲದು. ಕೂತವರ ಭಾರವೆಲ್ಲ ಎರಡು ಮೂರು ಬಿಂದುಗಳ ಮೇಲೆ ಬಿದ್ದರೆ ಪಿಂಗಾಣಿ ಒಂದು ದಿನ ಬಿರಿಯಬಹುದು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು ಸೇರಿಸಿ ಗಟ್ಟಿಯಾಗಿ ಕಲಸಿದೆ. ನೆಲ ಒದ್ದೆ ಮಾಡಿ, ತಗ್ಗಿನ ಕಡೆ ಹಾಕಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಕಮೋಡ್ ಅನ್ನು ತುಂಡುಗಳ ಮೇಲೆ ಕೂರುವವರೆಗೆ ಒತ್ತಿದೆ. ಹಾಳೆ ಇರುವುದರಿಂದ ಗಾರೆ ಪಿಂಗಾಣಿಗೆ ಅಂಟುವುದಿಲ್ಲ; ನಾಳೆ ರಿಪೇರಿಗೆ ಎತ್ತಬೇಕಾದರೆ ಒಡೆಯಬೇಕಿಲ್ಲ. ಮರುದಿನ ಎತ್ತಿ ನೋಡಿದರೆ ತಳದ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಹಾಳೆ ತೆಗೆದು, ಅಂಚು ಕತ್ತರಿಸಿ, ಮೂರು ದಿನ ಒದ್ದೆ ಗೋಣಿ ಮುಚ್ಚಿದೆ. ಅಷ್ಟು ದಿನ ಅಮ್ಮ ಚಿಕ್ಕಮ್ಮನ ಮನೆಯಲ್ಲಿದ್ದಳು.

ಉಳಿದದ್ದು ಬೇಗ ಮುಗಿಯಿತು. ಪೈಪಿನ ಬಟ್ಟೆ ತೆಗೆದೆ. ಕಮೋಡನ್ನು ಪೈಪಿಗೆ ಜೋಡಿಸುವ ಹೊಸ ಕನೆಕ್ಟರಿನ ರಬ್ಬರಿಗೆ ಸೋಪಿನ ನೀರು ಸವರಿ ಕೂರಿಸಿದೆ; ಎಣ್ಣೆ ರಬ್ಬರನ್ನು ಹಾಳು ಮಾಡುತ್ತದೆ. ತಿರುಪುಗಳನ್ನು ಪ್ಲಾಸ್ಟಿಕ್ ವಾಷರ್ ಹಾಕಿ ಒಮ್ಮೆ ಎಡ, ಒಮ್ಮೆ ಬಲ ಎಂದು ಸ್ವಲ್ಪ ಸ್ವಲ್ಪವೇ ಬಿಗಿದು, ಹಿಡಿತ ಸಿಕ್ಕಿದ ಕೂಡಲೇ ನಿಲ್ಲಿಸಿದೆ. ತಿರುಪಿನ ಬಲದಿಂದ ಮಟ್ಟ ತರಲು ಹೋದವರು ಕಮೋಡ್ ಸೀಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುತ್ತ ಬಿಳಿ ಸಿಮೆಂಟಿನ ಬದಲು ಸಿಲಿಕೋನ್ ಅಂಟು ಎಳೆದೆ, ಹಿಂಬದಿಯಲ್ಲಿ ಎರಡು ಇಂಚು ಬಿಟ್ಟು. ಒಳಗೆ ಸೋರಿದರೆ ಆ ಸಂದಿನಿಂದ ನೀರು ಹೊರಗೆ ಬಂದು ಕಾಣಿಸಲಿ ಎಂದು.

ಒಂದು ದಿನ ಒಣಗಲು ಬಿಟ್ಟು, ಬುಡದ ಸುತ್ತ ಹಳೆಯ ದಿನಪತ್ರಿಕೆ ಹಾಸಿ, ಕಮೋಡಿನೊಳಗೆ ಹತ್ತು ಬಕೆಟ್ ನೀರು ಸುರಿದೆ. ಕಾಗದ ಎಲ್ಲೂ ಒದ್ದೆಯಾಗಲಿಲ್ಲ. ಅಮ್ಮ ಕೂತು ಎದ್ದು ನೋಡಿ, "ಈಗ ಅಲುಗುವುದಿಲ್ಲ. ಹಿಡಿದುಕೊಳ್ಳಲು ಬಲಗಡೆ ಒಂದು ಕಂಬಿ ಹಾಕಿಬಿಡು, ಎಡಗೈ ಮೇಲೆತ್ತಲು ಆಗುವುದಿಲ್ಲ" ಎಂದಳು. ಅವಳು ಕೂತಾಗ ಕೈ ಎಟಕುವ ಎತ್ತರವನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದೇನೆ.