ಕೂಲಂಟ್ ಡಬ್ಬಿಗೆ ಬೋರಿನ ನೀರು ಹಾಕಬೇಡಿ

ನನ್ನ ತಂಗಿ ಮಗ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಸೀದಾ ನಮ್ಮ ಮನೆಗೆ ಬಂದ. "ಮಾಮಾ, ಗಾಡಿ ಹ್ಯಾಂಗದ ನೋಡ್ರಿ" ಅಂದ. ಮನೆಯವರೆಲ್ಲ ಬಣ್ಣ ನೋಡಿದರು, ಸೀಟು ನೋಡಿದರು. ನಾನು ಬಾನೆಟ್ ಎತ್ತಿಸಿದೆ. ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವದ ಡಬ್ಬಿಯ ತಳದಲ್ಲಿ ಎರಡು ಬೆರಳಷ್ಟು ನೀರಿತ್ತು, ಅದೂ ಚಹಾದ ಬಣ್ಣ. ಹಿಂದಿನ ಮಾಲೀಕ ಬರೀ ನಲ್ಲಿ ನೀರು ಸುರಿದು ಓಡಿಸಿದ್ದಾನೆ, ಒಳಗೆ ತುಕ್ಕು ಶುರುವಾಗಿದೆ ಅಂತ ಅಲ್ಲೇ ಗೊತ್ತಾಯಿತು.

ನಮ್ಮ ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು ಮಾಮೂಲು. ಅದರಲ್ಲಿ ಎಸಿ ಹಾಕಿಕೊಂಡು ಹುಮನಾಬಾದ್ ಕಡೆ ಹೊರಟರೆ ಎಂಜಿನ್ನಿಗೆ ಎಷ್ಟು ಭಾರ ಬೀಳುತ್ತದೆ ನೀವೇ ಯೋಚಿಸಿ. ಹಳೇ ಗಾಡಿ ಇದ್ದವರು ವಾರಕ್ಕೊಮ್ಮೆ ಕೂಲಂಟ್ ನೋಡಲೇಬೇಕು.

ನೋಡುವುದು ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಸಮ ನೆಲದ ಮೇಲೆ. ಡಬ್ಬಿಯ ಮೇಲೆ ಮಿನ್, ಮ್ಯಾಕ್ಸ್ ಅಂತ ಎರಡು ಗೆರೆ ಇರುತ್ತವೆ, ಕೂಲಂಟ್ ಅವುಗಳ ನಡುವೆ ಇದ್ದರೆ ಸಾಕು. ಪ್ಲಾಸ್ಟಿಕ್ ಹಳದಿಯಾಗಿ ಒಳಗಿನ ಮಟ್ಟ ಕಾಣದಿದ್ದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಪಕ್ಕದಲ್ಲೇ ಗಾಜು ತೊಳೆಯುವ ನೀರಿನ ಡಬ್ಬಿಯೂ ಇರಬಹುದು, ಅದರ ಮುಚ್ಚಳದ ಮೇಲೆ ವೈಪರ್ ಚಿತ್ರ ಇರುತ್ತದೆ. ಅವಸರದಲ್ಲಿ ಅದಕ್ಕೆ ಸುರಿದವರನ್ನು ನೋಡಿದ್ದೇನೆ.

ಎಂಜಿನ್ ಬಿಸಿ ಇದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳವನ್ನೂ ಡಬ್ಬಿ ಮುಚ್ಚಳವನ್ನೂ ಮುಟ್ಟಬೇಡಿ. ಒಳಗೆ ಒತ್ತಡ ಇರುವುದರಿಂದ 100 ಡಿಗ್ರಿ ದಾಟಿದರೂ ಕೂಲಂಟ್ ಕುದಿಯದೆ ಸುಮ್ನೆ ನಿಂತಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು ಒಮ್ಮೆಲೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ನನ್ನ ಎಡಗೈ ಮಣಿಕಟ್ಟಿನ ಮೇಲೆ ಹಾಗೆ ಸುಟ್ಟ ಕಲೆ ಇನ್ನೂ ಇದೆ. ದಾರಿಯಲ್ಲಿ ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಅರ್ಧ ತಾಸಲ್ಲ, ಒಂದು ತಾಸಾದರೂ ಪರವಾಗಿಲ್ಲ, ಪೂರ್ತಿ ಆರಲಿ. ಆಮೇಲೂ ಬಟ್ಟೆ ಹಾಕಿ ನಿಧಾನಕ್ಕೆ ತಿರುಗಿಸಿ.

ಇನ್ನು ಏನು ಹಾಕಬೇಕು? ಗಾಡಿಯ ಪುಸ್ತಕದಲ್ಲಿ ಬರೆದ ಕೂಲಂಟೇ ಹಾಕಿ. ಹಸಿರು, ಗುಲಾಬಿ ಅಂತ ಬಣ್ಣ ನೋಡಿ ತರಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿ ಬರುತ್ತವೆ. ರೆಡಿ ಮಿಕ್ಸ್ ಆದರೆ ಹಾಗೇ ಸುರಿಯಬಹುದು, ಗಟ್ಟಿ ಕೂಲಂಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಅಂಗಡಿಯಲ್ಲಿ ಬ್ಯಾಟರಿ ನೀರು ಅಂತ ಕೇಳಿದರೆ ಕೊಡುತ್ತಾರೆ, ಆದರೆ ಆ್ಯಸಿಡ್ ಅಲ್ಲ ಅಂತ ಬಾಟಲಿ ನೋಡಿಯೇ ತಗೊಳ್ಳಿ. ಬೋರಿನ ನೀರು ಬೇಡವೇ ಬೇಡ. ನಮ್ಮದು ಶಹಾಬಾದ್ ಕಲ್ಲಿನ ಸೀಮೆ, ನೆಲದೊಳಗೆಲ್ಲ ಸುಣ್ಣ. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ವಾ, ಉಗುರಿಂದ ಕೆರೆದರೂ ಬರುವುದಿಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ನಡುದಾರಿಯಲ್ಲಿ ಬೇರೆ ಗತಿ ಇಲ್ಲದಿದ್ದರೆ, ಎಂಜಿನ್ ಆರಿದ ಮೇಲೆ ಕುಡಿಯುವ ನೀರು ಹಾಕಿ ಗ್ಯಾರೇಜಿಗೆ ಮುಟ್ಟಿಸಿ, ಅಲ್ಲಿ ಎಲ್ಲ ತೆಗೆಸಿ ಹೊಸದು ಹಾಕಿಸಿ. ಮ್ಯಾಕ್ಸ್ ಗೆರೆ ದಾಟಿಸಬೇಡಿ, ಬಿಸಿಯಾದಾಗ ಹಿಗ್ಗಲು ಜಾಗ ಬೇಕು.

ತುಂಬಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಕೂಲಂಟ್ ಪೆಟ್ರೋಲ್ ಥರ ಖರ್ಚಾಗುವುದಲ್ಲ, ಕಡಿಮೆಯಾಗಿದೆ ಅಂದರೆ ಎಲ್ಲೋ ಹೋಗುತ್ತಿದೆ. ತುಂಬಿಸಿದ ಮಟ್ಟಕ್ಕೆ ಟೇಪ್ ತುಂಡು ಅಂಟಿಸಿ, ವಾರ ನೋಡಿ. ಇಳಿದರೆ ಪೈಪು, ಕ್ಲಿಪ್ಪು, ವಾಟರ್ ಪಂಪ್ ಹತ್ತಿರ ಹಸಿ ಅಥವಾ ಒಣಗಿದ ಕಲೆ ಹುಡುಕಿ. ಒಳಗೆ ಮುಂದಿನ ಸೀಟಿನ ಕಾಲಡಿ ಮ್ಯಾಟ್ ಅಂಟಂಟಾಗಿ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರಿನಲ್ಲಿ ಸೋರಿಕೆ ಇರಬಹುದು. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆತ ಚಹಾದಂಥದ್ದು ಕಂಡರೆ ಅಥವಾ ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಹೋಗಿರುವ ಸಾಧ್ಯತೆ ಜಾಸ್ತಿ. ಆಗ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ನಮ್ಮ ಹುಡುಗನ ಗಾಡಿಯಲ್ಲಿ ಸಿಕ್ಕಿದ್ದು ಕೆಳಗಿನ ಪೈಪಿನ ಸಣ್ಣ ಸೀಳು ಅಷ್ಟೇ. ಪೈಪು ಬದಲಿಸಿ, ತುಕ್ಕು ನೀರು ಹೋಗುವ ತನಕ ತೊಳೆಸಿದೆವು.

ಉಳಿದ ಕೂಲಂಟನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿ ಇಡಬೇಡಿ. ಸಿಹಿಯಾಗಿರುತ್ತದೆ, ಆದರೆ ವಿಷ. ಚೆಲ್ಲಿದ್ದನ್ನು ಕೂಡಲೇ ಒರೆಸಿ ತೊಳೆಯಿರಿ, ಓಣಿಯ ನಾಯಿ ನೆಕ್ಕಿದರೂ ಸಾಯಬಹುದು. ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ಅಟ್ಟದ ಮೇಲೆ ಇಡಿ.