ಡೆಡ್‌ಲಿಫ್ಟ್ ಕಲಿಸುವಾಗ ನಾನು ಮೊದಲು ನೋಡುವುದು ಪ್ಲೇಟನ್ನು

ಮೈಸೂರಿನ ಬಡಾವಣೆಯ ಜಿಮ್‌ಗಳಲ್ಲಿ ಯಾರಿಗಾದರೂ ಸೊಂಟ ಹಿಡಿದರೆ ಬೈಗುಳವೆಲ್ಲ ಡೆಡ್‌ಲಿಫ್ಟಿಗೆ. ಎರಡೂ ತುದಿಗೆ ದುಂಡನೆಯ ತೂಕದ ಪ್ಲೇಟು ಹಾಕಿದ ಕಬ್ಬಿಣದ ಸರಳನ್ನು, ಅಂದರೆ ಬಾರನ್ನು, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮ ಇದು. ನಾನು ನೋಡಿದ ಮಟ್ಟಿಗೆ ತಪ್ಪು ಹೆಚ್ಚಾಗಿ ಬಾರಿನ ಎತ್ತರದ್ದು. ಸ್ಪರ್ಧೆಯ ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂ.ಮೀ. ಅದನ್ನು ಹಾಕಿದರೆ ಬಾರ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ಹೊಸಬರಿಗೆ ಕೊಡುವ 5 ಕೆ.ಜಿ. ಕಬ್ಬಿಣದ ಪ್ಲೇಟು ಇದರ ಅರ್ಧದಷ್ಟು, ಹಾಗಾಗಿ ಬಾರ್ ಪಾದದ ಹತ್ತಿರಕ್ಕೇ ಇಳಿಯುತ್ತದೆ. ಅಷ್ಟು ಬಗ್ಗಲು ತೊಡೆಯ ಹಿಂಬದಿ ಬಿಡುವುದಿಲ್ಲ, ಬೆನ್ನು ಬಿಲ್ಲಾಗುತ್ತದೆ. ಪ್ಲೇಟಿನ ಕೆಳಗೆ ಎರಡೂ ಕಡೆ ಸಮನಾದ ಮರದ ದಿಮ್ಮಿ ಇಟ್ಟು, ಬಾರನ್ನು ಮಂಡಿಯ ಕೆಳಗಿನ ಮಟ್ಟಕ್ಕೆ ತನ್ನಿ. ಇಟ್ಟಿಗೆ ಬೇಡ, ಒಡೆಯುತ್ತದೆ.

ಬಾರ್ ಎಂದರೆ 20 ಕೆ.ಜಿ. ಎಂದು ಲೆಕ್ಕ ಹಾಕಬೇಡಿ, ಸಣ್ಣ ಜಿಮ್‌ಗಳಲ್ಲಿ ಅದರ ಅರ್ಧ ತೂಗುವ ಬಾರೂ ಇರುತ್ತದೆ. ಹಿಡಿದುಕೊಂಡು ತೂಕದ ಮೆಷಿನ್ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ.

ಬಾರ್ ಮುಟ್ಟುವ ಮೊದಲು ಬಗ್ಗುವುದನ್ನು ಕಲಿಯಬೇಕು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಲ್ಲಿ. ಒಂದು ಕೋಲನ್ನು ಬೆನ್ನುದ್ದಕ್ಕೂ ಹಿಡಿಯಿರಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಸೊಂಟದ ಕೆಳಗಿನ ಮೂಳೆ, ಮೂರಕ್ಕೂ ಅದು ತಾಗಿರಲಿ. ಮಂಡಿ ತುಸು ಸಡಿಲ ಬಿಟ್ಟು, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಿ. ಗರಡಿಯ ಬಸ್ಕಿ ರೂಢಿಯಾದವರು ಇಲ್ಲಿ ಮಂಡಿಯನ್ನೇ ಮಡಿಸಿಬಿಡುತ್ತಾರೆ. ಬಸ್ಕಿ ಒಳ್ಳೆಯದೇ, ಆದರೆ ಇದು ಬೇರೆ ಚಲನೆ. ಕೋಲು ಒಂದು ಕಡೆ ಬಿಟ್ಟಿತೆಂದರೆ ಅಲ್ಲಿಗೇ ನಿಲ್ಲಿಸಿ, ಸದ್ಯಕ್ಕೆ ನಿಮ್ಮ ಮಿತಿ ಅದು.

ಎತ್ತುವಾಗ ಬಾರ್ ಪಾದದ ನಡುಭಾಗದ ಮೇಲೆ, ಕಣಕಾಲಿನಿಂದ ಎರಡು ಬೆರಳು ದೂರ. ಜಗ್ಗಬಾರದು. ಬಾರ್ ಪ್ಲೇಟಿನ ತೂತಿನಲ್ಲಿ ಮೇಲಕ್ಕೆ ತಾಗಿ ‘ಟಿಕ್’ ಎನ್ನುವವರೆಗೆ ಮೆಲ್ಲಗೆ ಬಿಗಿ ಮಾಡಿ, ಆಮೇಲೆ ಪಾದದಿಂದ ನೆಲವನ್ನು ಒತ್ತಿ ಏಳಿ. ಬಿ.ಪಿ. ಇರುವವರು ಉಸಿರು ಕಟ್ಟಬಾರದು, ಏಳುತ್ತಾ ಬಿಡಬೇಕು. ಅವರು ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಿರಬೇಕು.

ವಾರಕ್ಕೆ ಎರಡು ದಿನ, 5 ಸಲದಂತೆ 3 ಸುತ್ತು, ನಡುವೆ 2-3 ನಿಮಿಷ ಬಿಡುವು. ಇನ್ನೂ ಎರಡು ಸಲ ಎತ್ತಬಹುದು ಅನ್ನಿಸುವಾಗಲೇ ಇಳಿಸಿಬಿಡಿ. ಬೆನ್ನು ನೇರ ಉಳಿದಿದ್ದರೆ ಮಾತ್ರ ಮುಂದಿನ ವಾರ 2.5 ಕೆ.ಜಿ. ಸೇರಿಸಿ. ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ವ್ಯಾಯಾಮ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಮನೆಯಲ್ಲೂ ಇದೇ ಲೆಕ್ಕ. ಮಂಡ್ಯದ ಬೆಲ್ಲದ ಮಾರುಕಟ್ಟೆಯ ಹಮಾಲರನ್ನು ನೋಡಿ, ಮೂಟೆ ಮೈಗೆ ಅಂಟಿಕೊಂಡೇ ಇರುತ್ತದೆ. ಸೊಂಟದಿಂದ ಒಂದು ಗೇಣು ದೂರವಿದ್ದ ಭಾರ ಎರಡು ಗೇಣು ಆಚೆ ಹೋದರೆ, ಬೆನ್ನು ಅದಕ್ಕಾಗಿ ಎರಡರಷ್ಟು ಎಳೆಯಬೇಕು. 25 ಕೆ.ಜಿ. ಅಕ್ಕಿ ಮೂಟೆಯನ್ನು ಮೊದಲು ನಿಲ್ಲಿಸಿಕೊಂಡು, ತಬ್ಬಿ ಎತ್ತಿ. ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆ.ಜಿ., ಕಬ್ಬಿಣವೂ ಸೇರಿದರೆ 30ರ ಹತ್ತಿರ. ಅದನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಎರಡೂ ಕೈಯಲ್ಲಿ ಎತ್ತಿ. ತಿರುಗಬೇಕಾದರೆ ಸೊಂಟ ತಿರುಚದೆ, ಪಾದ ಎತ್ತಿಟ್ಟು ತಿರುಗಿ.