ಬ್ರೇಕ್ ಪೈಪಿನ ಗಾಳಿ ತೆಗೆಯುವುದು ಹೇಗೆ?

ಪೆಡಲ್ ಮೆತ್ತಗೆ ಒಳಗಿಳಿದು, ಎರಡು ಮೂರು ಸಲ ಪಂಪ್ ಮಾಡಿದ ಮೇಲಷ್ಟೇ ಕಾರು ನಿಲ್ಲುತ್ತಿದೆಯೇ? ಬ್ರೇಕ್ ಪೈಪಿಗೆ ಗಾಳಿ ಸೇರಿರಬಹುದು. ಪೈಪಿನೊಳಗಿನ ಬ್ರೇಕ್ ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆ ಅಮುಕುವುದಕ್ಕೇ ಹೋಗುತ್ತದೆ. ಆಯಿಲ್ ಹಳೆಯದಾದರೂ ಅಪಾಯವೇ, ಬೇಗ ಕುದಿದು ಗುಳ್ಳೆ ಏಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ಆದರೆ ಅದು ಗಾಳಿಯ ತೇವ ಹೀರುತ್ತದೆ. ಶೇ 3.7ರಷ್ಟು ನೀರು ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುವವರು ಇದನ್ನು ಗಮನಿಸಬೇಕು.

ಗಾಳಿ ತೆಗೆಯಲು ವ್ಯಾಕ್ಯೂಮ್ ಪಂಪ್‌ಗಳು ಸಿಗುತ್ತವೆ. ಮನೆಯಲ್ಲಿ ಮಾಡುವವರಿಗೆ ಮಾತ್ರ ಇಬ್ಬರು ಸೇರಿ ಮಾಡುವ ಹಳೆಯ ವಿಧಾನವೇ ಸರಿ. ಒಬ್ಬರು ಪೆಡಲ್ ಬಳಿ, ಇನ್ನೊಬ್ಬರು ಚಕ್ರದ ಬಳಿ.

ಎಲ್ಲಿಯಾದರೂ ಆಯಿಲ್ ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಬ್ರೇಕ್ ಆಯಿಲ್ ಟ್ಯಾಂಕಿನ ಕ್ಯಾಪ್ ಮೇಲೆ ಬರೆದ ದರ್ಜೆಯ ಆಯಿಲ್ಲನ್ನೇ, ಸೀಲ್ ಒಡೆಯದ ಡಬ್ಬಿಯಿಂದ ತುಂಬಿ.

ಸಾಮಾನ್ಯವಾಗಿ, ಪೆಡಲ್ ಒತ್ತಿದಾಗ ಆಯಿಲ್ಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರು. ನಮ್ಮ ಬಲಗೈ ಡ್ರೈವಿಂಗ್ ಕಾರುಗಳಲ್ಲಿ ಅದು ಹೆಚ್ಚಾಗಿ ಹಿಂದಿನ ಎಡಚಕ್ರ. ಕೆಲವು ಮಾಡೆಲ್‌ಗಳಲ್ಲಿ ಕ್ರಮ ಬೇರೆ ಇರುವುದರಿಂದ ಕೈಪಿಡಿ ನೋಡುವುದು ಕ್ಷೇಮ. ಚಕ್ರದ ಬ್ರೇಕಿನಲ್ಲಿ ಗಾಳಿ ಬಿಡಲೆಂದೇ ಇರುವ ತೂತುಳ್ಳ ಸಣ್ಣ ಸ್ಕ್ರೂ, ಅಂದರೆ ನಿಪ್ಪಲ್‌ಗೆ, ಮೊದಲು ರಿಂಗ್ ಸ್ಪ್ಯಾನರ್ ಹಾಕಿ, ಆಮೇಲೆ ಪಾರದರ್ಶಕ ಪೈಪ್ ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ತುಕ್ಕು ಹಿಡಿದ ನಿಪ್ಪಲ್ ಮುರಿಯುವುದು ಸುಲಭ, ಬಲಪ್ರಯೋಗ ಬೇಡ.

ಎಂಜಿನ್ ಆಫ್ ಇರಲಿ. ಒಳಗಿನವರು ನಿಧಾನವಾಗಿ ಪೆಡಲ್ ಒತ್ತಿ ‘ಹಿಡಿದೆ’ ಅನ್ನಬೇಕು. ಆಗ ಹೊರಗಿನವರು ನಿಪ್ಪಲ್ ಅರ್ಧ ಸುತ್ತು ಸಡಿಲಿಸುತ್ತಾರೆ. ಪೆಡಲ್ ಕೆಳಗಿಳಿಯುತ್ತದೆ, ಗುಳ್ಳೆ ಸಮೇತ ಆಯಿಲ್ ಬರುತ್ತದೆ. ನಿಪ್ಪಲ್ ಮುಚ್ಚಿ ‘ಬಿಡು’ ಎಂದ ಮೇಲೆಯೇ ಕಾಲು ತೆಗೆಯಬೇಕು. ಈ ಕೆಲಸದ ಗುಟ್ಟೆಲ್ಲ ಇಲ್ಲೇ ಇದೆ. ಮುಚ್ಚುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ ಸೇರಬಹುದು. ಗುಳ್ಳೆಯಿಲ್ಲದ ತಿಳಿ ಆಯಿಲ್ ಬರುವವರೆಗೂ ಇದೇ ಕ್ರಮ. ಹಳೆಯ ಕಾರಾದರೆ ಪೆಡಲ್ ಕೆಳಗೊಂದು ಮರದ ತುಂಡಿಡಿ. ಪೆಡಲ್ ಪೂರ್ತಿ ಇಳಿದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಸೀಲ್ ತುಕ್ಕಿಗೆ ಉಜ್ಜಿ ಹಾಳಾಗಬಹುದು.

ಆಯಿಲ್ ಟ್ಯಾಂಕ್ ಎಂದೂ ಖಾಲಿಯಾಗಬಾರದು. ಖಾಲಿಯಾದರೆ ಮೊದಲಿನಿಂದ ಶುರುಮಾಡಬೇಕಾದೀತು. ಬಾಟಲಿಗೆ ಬಿದ್ದ ಆಯಿಲ್ಲನ್ನು ಮತ್ತೆ ಸುರಿಯಬೇಡಿ. ಪೇಂಟಿಗೆ ತಾಗಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಕೆಲವು ಕಾರುಗಳಿಗೆ ಸ್ಕ್ಯಾನರ್ ಬೇಕು, ಅದು ಮನೆಯ ಕೆಲಸವಲ್ಲ.

ನಾಲ್ಕೂ ಚಕ್ರ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿದು, ನಿಪ್ಪಲ್‌ಗಳು ಸೋರುತ್ತಿವೆಯೇ ನೋಡಿ. ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿ. ಒತ್ತಿ ಹಿಡಿದ ಪೆಡಲ್ ಆಗಲೂ ಮೆಲ್ಲಗೆ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಕೆಟ್ಟಿರಬಹುದು. ಕಾರನ್ನು ಓಡಿಸಿಕೊಂಡು ಹೋಗದೆ, ಟೋ ಮಾಡಿಸಿ ಗ್ಯಾರೇಜಿಗೆ ಕಳಿಸಿ.